ನಾಲ್ಕು ಟ್ರ್ಯಾಕಿನ ಮಷಿನ್ನು ಮತ್ತು ಅಜ್ಜನ ತಾಳ

ಕರೆಂಟಿನ ಕಸಬು ಹಿಡಿದವನ ಅಂಗಡಿಗೆ ಕೆಟ್ಟ ಮಷಿನ್ ಒಂದೇ ಬರುವುದಿಲ್ಲ, ಅದರ ಬೆನ್ನಿಗೆ ಏನಾದರೊಂದು ಫಜೀತಿಯೂ ಬರುತ್ತದೆ. ಗಂಗಾವತಿಯಲ್ಲಿ ನನ್ನದು ಟೇಪು, ರೇಡಿಯೋ ರಿಪೇರಿ ಅಂಗಡಿ. ಸಾಲಿ ಮೆಟ್ಟಿಲು ಹತ್ತಿದವನಲ್ಲ. ಕ್ಯಾಸೆಟ್ಟಿನ ಹೊದಿಕೆ ಓದಿ ಓದಿ ಅಕ್ಷರ ಕಲಿತೆ. ಆದರೆ ಕೊಪ್ಪಳದಿಂದ ಯಲಬುರ್ಗಾತನಕ ನನ್ನ ಕೈ ಹತ್ತದ ಟೇಪಿಲ್ಲ. ಒಮ್ಮೆ ನಾನು ರಿಪೇರಿ ಮಾಡಿದ ರೇಡಿಯೋವನ್ನು ಆನೆಗೊಂದಿ ಬಂಡೆಯ ಮೇಲಿಟ್ಟು ಹಚ್ಚಿದರೆ, ಹೊಳೆ ಆಚೆಯ ಮಂಗಗಳು ಗಿಡ ಇಳಿದು ಸಾಲಾಗಿ ಕುಂತು ವಾರ್ತೆ ಕೇಳಿದವು. ನಂಬದವರು ಮಂಗಗಳನ್ನೇ ಕೇಳಬಹುದು.

ಈಗ ಹೇಳುವುದೆಲ್ಲ ಒಂದೇ ಮಷಿನ್ನಿನ ಕಥೆ.

೧. ತಾಯತ

ಕುಷ್ಟಗಿ ಕಡೆಯ ಹಳ್ಳಿಯ ರೈತನೊಬ್ಬ ಟವೆಲ್ಲಿನಲ್ಲಿ ಕಟ್ಟಿದ ಗಂಟನ್ನು ನನ್ನ ಮೇಜಿನ ಮೇಲಿಟ್ಟ.

"ಕಾಕಾ, ಇದರಾಗ ನಮ್ಮವ್ವ ಅದಾಳ್ರಿ."

ಕುರ್ಚಿ ಹಿಂದಕ್ಕೆ ಸರಿಸಿ, ಬೆರಳ ತುದಿಯಿಂದ ಗಂಟು ಎಳೆದೆ. ಬಿಚ್ಚಿದರೆ ಹಳೆಯ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಮಷಿನ್ನು, ಜೊತೆಗೊಂದು ಕ್ಯಾಸೆಟ್ಟು. ಅವನ ತಾಯಿ, ಊರವರ ಬಾಯಲ್ಲಿ ಆಯಿ, ಭಜನಿ ಹಾಡುವಾಕೆ, ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಹಿಂದೆ ಆಕೆಯ ಹಾಡು ಹಿಡಿದು ಕ್ಯಾಸೆಟ್ ಮಾಡಿ ಮಾರಿದ್ದ ರೆಕಾರ್ಡಿಂಗಿನವ ಅಂಗಡಿ ಮುಚ್ಚಿ ಹೋಗುವಾಗ ಇವೆರಡನ್ನೂ ಮನೆಯವರಿಗೆ ಕೊಟ್ಟಿದ್ದನಂತೆ. ಮಾರಿದ ಕ್ಯಾಸೆಟ್ಟು ಮನೆಯಲ್ಲಿ ಒಂದೂ ಉಳಿದಿರಲಿಲ್ಲ.

"ಮುಂದಿನ ವಾರ ಅವ್ವನ ವರ್ಷದ ಕಾರ್ಯ ಐತ್ರಿ. ಅಕಿ ಹೋದಾಗಿಂದ ನಮ್ಮಪ್ಪ ಒಂದು ಮಾತಾಡಿಲ್ಲ. ಕಂಬಕ್ಕ ಒರಗಿ ಕುಂತಾನ, ಕೊಟ್ರ ಉಣ್ತಾನ, ಇಲ್ಲಂದ್ರ ಇಲ್ಲ. ಅವ್ವನ ಧ್ವನಿ ಕೇಳಿದ್ರ ಮಾತಾಡ್ತಾನೇನೋ ಅಂತ."

"ಬ್ಯಾರೆ ಟೇಪಿನಾಗ ಹಾಕಿ ನೋಡಿದ್ಯೇನು?"

"ನೋಡೀನ್ರಿ. ಒಂದು ಮಗ್ಗಲಾ ಹಚ್ಚಿದ್ರ ಬಾವ್ಯಾಗ ಬಿದ್ದ ಕೋಣ ಒದರಿದಂಗಾತು. ಹೊಳ್ಳಿಸಿ ಹಚ್ಚಿದ್ರ ಹಿಂದಮುಂದ ಮಾತಾಡಾಕತ್ತಿತು. ಮಂದಿ ಅವ್ವಗ ಮುಕ್ತಿ ಸಿಕ್ಕಿಲ್ಲ ಅಂದ್ರು."

ನಾನು ತಿಳಿಸಿ ಹೇಳಿದೆ. ಸಾದಾ ಟೇಪು ಪಟ್ಟಿಯ ಅರ್ಧವನ್ನು ಹೋಗುತ್ತ ಓದುತ್ತದೆ, ಉಳಿದರ್ಧವನ್ನು ಹೊಳ್ಳಿಸಿದಾಗ ಓದುತ್ತದೆ. ಈ ಮಷಿನ್ನು ಪಟ್ಟಿಯ ನಾಲ್ಕೂ ಸಾಲನ್ನು, ಅಂದರೆ ಟ್ರ್ಯಾಕನ್ನು, ಒಂದೇ ಸಲ, ಎರಡು ಪಟ್ಟು ಜೋರಾಗಿ ಓಡುತ್ತ ಓದುತ್ತದೆ. ಅದಕ್ಕೇ ಸಾದಾ ಟೇಪಿನಲ್ಲಿ ಧ್ವನಿ ನಿಧಾನವಾಗಿ ಕೋಣದ್ದಾಗುತ್ತದೆ, ಹೊಳ್ಳಿಸಿದರೆ ಹಿಂದಮುಂದಾಗುತ್ತದೆ. "ಇದು ದೆವ್ವ ಅಲ್ಲೋ ತಮ್ಮಾ. ಇದನ್ನ ಇದರಾಗ ಹಾಕಿದ್ರಷ್ಟ ಅವ್ವ."

ಅವನು ತಲೆ ತಗ್ಗಿಸಿದ. "ಮೊದ್ಲ ನಿಮ್ಮ ಹತ್ರ ಬರಬೇಕಿತ್ರಿ. ತಾಯತ ಕಟ್ಟಿಸೀವಿ."

"ಯಾರಿಗೆ? ಅಪ್ಪಗೇನು?"

"ಟೇಪಿಗ್ರಿ."

೨. ನಾಲಿಗೆ

ಈ ಮಷಿನ್ನಿಗೆ ಬರುವ ಕರೆಂಟನ್ನು ಇಳಿಸಿ ಕೊಡುವ ಅಡಾಪ್ಟರ್ ಬೇಕು. ಹನ್ನೆರಡು ವೋಲ್ಟು, ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಇವರು ಹಚ್ಚಿದ್ದು ಟೀವಿ ಡಬ್ಬಿಯ ಅಡಾಪ್ಟರು. ಅದರಲ್ಲಿ ಎಲ್ಲ ಉಲ್ಟಾ.

"ತೂತಿಗೆ ಬರೋಬ್ಬರಿ ಕುಂತಿತ್ರಿ," ಅಂದ.

"ಕುಂತದ್ದೆಲ್ಲಾ ನಿಂದಾಗತೈತೇನು? ಗುಡಿ ಮುಂದಿನ ಚಪ್ಲಿ ಕಾಲಿಗೆ ಹೊಂದಿದ್ರ ಹಾಕ್ಕೊಂಡು ಹೋಗ್ತಿ?"

ಪುಣ್ಯಕ್ಕೆ ಒಳಗಿನ ಫ್ಯೂಜು ತಾನು ಸತ್ತು ಮಷಿನ್ನನ್ನು ಉಳಿಸಿತ್ತು. ಫ್ಯೂಜು ಬದಲಿಸಿ, ನನ್ನ ಪೆಟ್ಟಿಗೆಯಿಂದ ಸರಿಯಾದ ಅಡಾಪ್ಟರ್ ತೆಗೆದೆ. ನನಗೆ ಮೀಟರ್ ಬೇಕಿಲ್ಲ, ನಾಲಿಗೆ ಸಾಕು. ಒಂಬತ್ತು ವೋಲ್ಟು ಹುಣಸೆಹುಳಿ, ಹನ್ನೆರಡು ನಿಂಬೆಹುಳಿ. ಹಿಂದೊಮ್ಮೆ ಒಂದು ಬ್ಯಾಟರಿ ನೆಕ್ಕಿ ಅದು ಯಾವ ಊರಿನ ಸಂತೆಯದು ಅಂತ ಹೇಳಿದ್ದೆ. ಇದನ್ನೆಲ್ಲ ಅವನಿಗೆ ವಿವರಿಸಿ, ಕಣ್ಣು ಮುಚ್ಚಿ, ಪಿನ್ನನ್ನು ನಾಲಿಗೆಗೆ ಹಚ್ಚಿ, ಗಂಭೀರವಾಗಿ ಹೇಳಿದೆ: "ಹನ್ನೆರಡು. ಕೂದಲೆಳೆ ಹೆಚ್ಚಿಲ್ಲ, ಕಡಿಮಿಲ್ಲ."

"ಕಾಕಾ," ಅಂದ ಅವನು ಮೆಲ್ಲಗೆ, "ಇನ್ನಾ ಪ್ಲಗ್ ಹಾಕಿಲ್ರಿ."

"ಗೊತ್ತೈತಿ. ಹಾಕಿದ್ರ ಎಷ್ಟ ಬರತೈತಿ ಅನ್ನೂದನ್ನ ಹೇಳಿದೆ."

೩. ಹೋದವರು ಯಾರು

ಮಷಿನ್ನಿಗೆ ಜೀವ ಬಂತು, ಆದರೆ ಹಾಡಿನ ಕೆಳಗೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಜೇನುಗೂಡಿನೊಳಗೆ ಕುಂತು ಆಯಿ ಹಾಡಿದಂತೆ.

ಇದಕ್ಕೆ ಎರಡೇ ಕಾರಣ. ಒಂದೋ ಬಾಜೂಕಿನ ಅಕ್ಕಿ ಮಿಲ್ಲಿನ ಮೋಟರು ಲೈನ್ ಕೆಡಿಸುತ್ತಿರಬೇಕು, ಇಲ್ಲವೇ ಮಷಿನ್ನಿನೊಳಗೆ ಕರೆಂಟು ಸೋಸುವ ಕೆಪಾಸಿಟರ್ ಒಣಗಿ ಹೋಗಿರಬೇಕು. ಮಿಲ್ಲಿನ ಮೇಸ್ತ್ರಿ ನನ್ನ ಮಾತು ತೆಗೆದುಹಾಕುವವನಲ್ಲ. "ಒಂದು ಗಳಿಗಿ ಬಂದ್ ಮಾಡಪಾ," ಅಂದೆ. ಮಾಡಿದ.

ಮಿಲ್ಲು ನಿಂತಿತು, ಗುಂಯ್ ನಿಲ್ಲಲಿಲ್ಲ. ತಪ್ಪು ಒಳಗೇ ಇದೆ ಅಂತ ಖಾತ್ರಿಯಾಯಿತು. ಆದರೆ ನಮ್ಮ ಓಣಿಯಲ್ಲಿ ಸುಗ್ಗಿಯ ಹಗಲಿನಲ್ಲಿ ಆ ಮಿಲ್ಲು ನಿಲ್ಲುವುದು ಯಾರಾದರೂ ಸತ್ತಾಗ ಮಾತ್ರ. ನಾನು ತಲೆ ಎತ್ತುವಷ್ಟರಲ್ಲಿ ಅಂಗಡಿ ಮುಂದೆ ಮಂದಿ ನೆರೆದಿತ್ತು. ಹೋಟೆಲಿನವ ಒಲೆ ಆರಿಸಿ ಬಂದಿದ್ದ. ಹೂ ಮಾರುವ ಮುದುಕಿ ಮಾಲೆ ಹಿಡಿದೇ ಬಂದು ಸೆರಗು ಕಣ್ಣಿಗೆ ಒತ್ತಿಕೊಂಡಳು.

"ಯಾರು ಹೋದ್ರೋ ಯಪ್ಪಾ?"

ನಾನು ಕೆಲಸದ ಧ್ಯಾನದಲ್ಲಿದ್ದೆ. "ಕೆಪಾಸಿಟರ್ ಹೋಗೈತಿ, ಯವ್ವಾ."

"ಅಯ್ಯ, ಪಾಪ! ಯಾ ಊರವರಿದ್ದರು?"

೪. ತಾಳ

ಹೊಸ ಕೆಪಾಸಿಟರ್ ಹಾಕಿದೆ, ಗುಂಯ್ ಹೋಯಿತು. ಕಾರ್ಯದ ದಿನ ಮಷಿನ್ ತೊಡೆಯ ಮೇಲಿಟ್ಟುಕೊಂಡು ಅವರೂರಿಗೆ ಹೋದೆ.

ಆಯಿಯ ಫೋಟೋಕ್ಕೆ ಮಾಲೆ ಬಿದ್ದಿತ್ತು. ಪಡಸಾಲೆ ತುಂಬ ಬೀಗರು. ರೈತನ ಅಪ್ಪ, ಆ ಅಜ್ಜ, ಕಂಬಕ್ಕೆ ಒರಗಿ ಕುಂತಿದ್ದ, ಯಾರ ಮುಖವನ್ನೂ ನೋಡಲಿಲ್ಲ. ಅವನ ಹಿಂದಿನ ಗೂಟಕ್ಕೆ ಭಜನಿಯ ತಾಳ ತೂಗುಬಿದ್ದಿತ್ತು. ಆಯಿಯ ಹಾಡಿಗೆ ತಾಳ ಹೊಡೆಯುತ್ತಿದ್ದವನು ಅಜ್ಜನೇ.

ಮಷಿನ್ನಿನಲ್ಲಿ ಒಂದು ಸಾಲಿಗೆ ಹಾರ್ಮೋನಿಯಂ ಪೇಟಿ, ಒಂದಕ್ಕೆ ತಬಲಾ, ಒಂದಕ್ಕೆ ತಾಳ ಮತ್ತು ಹಿಮ್ಮೇಳ, ಒಂದಕ್ಕೆ ಆಯಿಯ ಧ್ವನಿ. "ಬರೇ ಅವ್ವನ್ನ ಕೇಳಸ್ರಿ," ಅಂದ ಮಗ. ಉಳಿದ ಮೂರರ ಸದ್ದನ್ನೂ ಪೂರ್ತಿ ಇಳಿಸಿದೆ.

ಆಯಿ ಹಾಡಿದಳು. ಹಾಡಿನ ಮೊದಲ ನುಡಿ ಮುಗಿಯಿತು. ಮಾರಿದ ಕ್ಯಾಸೆಟ್ಟಿನಲ್ಲಿ ಆ ಜಾಗದಲ್ಲಿ ಪೇಟಿ ಅಷ್ಟೇ ಕೇಳುತ್ತಿತ್ತು, ಆಕೆಯ ಸಾಲನ್ನು ರೆಕಾರ್ಡಿಂಗಿನವ ಅಡಗಿಸಿದ್ದ. ಈಗ ಅಲ್ಲಿಂದ ಬಂತು:

"ಏ! ತಾಳ ಎಲ್ಲಿ ಹೋತು? ಕೈಯಾಗ ಹಿಡಕೊಂಡು ಮಕ್ಕೊಂಡೀಯೇನು?"

ಕಂಬದ ಕಡೆಯಿಂದ ಉತ್ತರ ಬಂತು: "ಹೊಡಿಯಾಕತ್ತೀನಲ್ಲ!"

ವರ್ಷದ ಮೊದಲ ಮಾತು. ಎಲ್ಲರೂ ಹೊರಳಿ ನೋಡಿದರು. ಮಷಿನ್ನಿನಲ್ಲಿ ಆಯಿ, "ನೀ ಹೊಡಿಯೂ ತಾಳಕ್ಕಿಂತ..." ಅಂದದ್ದೇ ತಡ, ಕರೆಂಟು ಹೋಯಿತು.

ಮಗ ತನ್ನ ಬೈಕಿನ ಬ್ಯಾಟರಿ ಬಿಚ್ಚಿ ತಂದ. ಅದೂ ಹನ್ನೆರಡು ವೋಲ್ಟೇ. ಈ ಸಲ ನಾಲಿಗೆ ಬಿಟ್ಟು ಮೀಟರ್ ಹಿಡಿದೆ. ನಾನು ತಂತಿ ಕಟ್ಟುವಷ್ಟರಲ್ಲಿ ಮಗ ತಂದೆಯ ಮೊಣಕಾಲು ಹಿಡಿದು ಕುಂತಿದ್ದ.

"ಅಪ್ಪಾ, ಮುಂದ ಏನಂದ್ಲು ಅವ್ವ?"

"ಏನಿಲ್ಲ ಬಿಡು."

"ಹೇಳಪಾ."

ಅಜ್ಜ ಫೋಟೋ ನೋಡಿದ. "'ನಮ್ಮ ಎಮ್ಮಿ ಬಾಲ ಛಲೋ ಬಡೀತೈತಿ' ಅಂದ್ಲು. ಇನ್ನೇನಂತಾಳ."

ಸೊಸೆ ಸಮಾಧಾನ ಮಾಡಿದಳು: "ಅತ್ತಿ ಹಂಗ ಅಂದಿರಾಕಿಲ್ಲ ಬಿಡ್ರಿ, ಮಾವಾರ."

"ಅಂದಾಳವಾ! ನಾ ಏನ್ ಸುಳ್ಳ ಹೇಳ್ತೇನೇನು?"

ತಂತಿ ಕೂಡಿತು. ಒತ್ತಿದ ಗುಂಡಿ ಒತ್ತಿದಂತೆಯೇ ಇತ್ತು, ಪಟ್ಟಿ ತಿರುಗಿತು.

"...ನಮ್ಮ ಎಮ್ಮಿ ಬಾಲ ಛಲೋ ಬಡೀತೈತಿ!"

ಬೀಗರೆಲ್ಲ ಸೆರಗು, ಟವೆಲ್ಲು ಬಾಯಿಗೊತ್ತಿಕೊಂಡರು. ಕಾರ್ಯದ ಮನೆಯಲ್ಲಿ ನಗುವುದು ಹೇಗೆ? ಅಜ್ಜ ಮಾತ್ರ ನಗಲಿಲ್ಲ. ಎದ್ದು ಗೂಟದ ತಾಳ ತೆಗೆದ, ಸೊಂಟ ನೆಟ್ಟಗೆ ಮಾಡಿ ಮಷಿನ್ನಿನ ಎದುರಿಗೆ ಕುಂತ. ಆಯಿ ಎರಡನೇ ನುಡಿ ಎತ್ತಿಕೊಂಡಳು, ಇವನು ತಾಳ ಹಿಡಿದ. ನುಡಿಯ ಕೊನೆಗೆ ಬರುವಾಗ ಅವನ ಕೈ ಒಂದು ಪೆಟ್ಟು ಹಿಂದೆ ಬಿತ್ತು. ನಾನು ಬಾಳೆಲ್ಲ ಬಣ್ಣ ಹಚ್ಚಿ ಹೇಳಿದವನು, ಇದಕ್ಕೆ ಮಾತ್ರ ಹಚ್ಚಿಲ್ಲ. ಆ ಹಳೇ ರೆಕಾರ್ಡಿಂಗಿನ ದಿನವೂ ಅವನು ಅದೇ ಜಾಗದಲ್ಲಿ ತಪ್ಪಿದ್ದನಂತೆ ಕಾಣುತ್ತದೆ. ಮಷಿನ್ನು ತಡಮಾಡದೆ ಹೇಳಿತು:

"ನೋಡು, ಮತ್ತ ತಪ್ಪಿದಿ!"

"ಹೂಂ, ತಪ್ಪೀನಿ," ಅಂದ ಅಜ್ಜ. "ನೀ ಮುಂದ ಹಾಡು."