ಹಸಿರು ಗುಂಡಿಗೆ ಮಂಗಳಾರತಿ

ಅರಸೀಕೆರೆಯ ನಮ್ಮ ಕೊಬ್ಬರಿ ಬೆಳೆಗಾರರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನೊಬ್ಬನೇ. ಹಾಗಾಗಿ ಇಂಥವೆಲ್ಲ ನನಗೇ ಆಗುತ್ತವೆ, ವಾರ ತಪ್ಪದೆ ಆಗುತ್ತವೆ. ನಗುವಷ್ಟು ತ್ರಾಣ ಉಳಿದಿಲ್ಲ, ನೀವಾದರೂ ನಗಿ.

ಬರೆದದ್ದನ್ನೇ ಬರೆ

ಹರಾಜಿನ ದಿನ ಯಾರ ಮೂಟೆಯ ಸರದಿ ಎಂದು ಗೋಡೆಯ ಟಿವಿ ತೋರಿಸಬೇಕು. ಅದನ್ನು ನಡೆಸುವ ಸರ್ವರ್‌ಗೆ ಒಂದು ಸೆಟ್ಟಿಂಗ್ಸ್ ಫೈಲ್ ಇದೆ. ನಾನು ಪ್ರೋಗ್ರಾಂ ಬರೆಯುವ ಟೂಲ್ ಅದರ ಹಳೇ ನಕಲೊಂದನ್ನು ಬಚ್ಚಿಟ್ಟುಕೊಂಡಿದೆ. ಪರದೆಯ ಮೇಲೆ ಟೂಲಿನ ಹಸಿರು ‘ಸ್ಟಾರ್ಟ್’ ಗುಂಡಿ ಒತ್ತಿದರೆ ಸಾಕು, ನಾನು ತಿದ್ದಿದ್ದನ್ನು ಅಳಿಸಿ ತನ್ನ ನಕಲನ್ನೇ ಹಾಕಿಬಿಡುತ್ತದೆ. ಒಂದು ಬೆಳಗ್ಗೆ, ತಪ್ಪಿದರೆ ಟಿವಿಗೆ ಸಂಪರ್ಕವೇ ಸಿಗದ ಅದೇ ಪೋರ್ಟ್ ನಂಬರನ್ನು ಏಳನೇ ಸಲ ಬರೆಯುತ್ತಿದ್ದೆ. ಹಿಂದೆ ನಿಂತಿದ್ದ ಮ್ಯಾನೇಜರ್ ಕೇಳಿದರು: “ಏನ್ರೀ, ಅಧ್ಯಕ್ಷರು ಇಂಪೊಸಿಷನ್ ಕೊಟ್ರಾ?”

ಫೋನಿನಲ್ಲಿ

ಟೂಲ್ ಮಾರಿದವರಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬಳು ಲೈನಿಗೆ ಬಂದಳು.

“ಅದು ದೋಷ ಅಲ್ಲ ಸರ್. ಅದರ ಡಿಸೈನೇ ಹಾಗೆ.”

“ಸರಿಮಾಡೋದು ಯಾವಾಗಮ್ಮಾ?”

“ದೋಷ ಆಗಿದ್ರೆ ಸರಿಮಾಡಬಹುದಿತ್ತು ಸರ್.”

ಅಧ್ಯಕ್ಷರ ಕೈ

ನಮ್ಮಲ್ಲೊಂದು ಪದ್ಧತಿ. ಹರಾಜಿಗೆ ಮುಂಚೆ ಕಂಪ್ಯೂಟರಿಗೆ ಕುಂಕುಮವಿಟ್ಟು, ಮಂಗಳಾರತಿ ಎತ್ತಿ, ಅಧ್ಯಕ್ಷರು ಸ್ವಹಸ್ತದಿಂದ ಆ ಹಸಿರು ಗುಂಡಿಯನ್ನೇ ಒತ್ತುತ್ತಾರೆ. ಎರಡು ವಾರ ಹೀಗೇ ಟಿವಿ ಕಪ್ಪಾಯಿತು. ಕಣಕಟ್ಟೆಯ ರೈತರೊಬ್ಬರು, “ಮೂಟೆ ಹೊತ್ಕೊಂಡು ನಿಂತಿವ್ನಿ, ಇದ್ರಲ್ಲಿ ಏನೈತೆ ನೋಡಕ್ಕೆ?” ಎಂದು ರೇಗಿದರು. “ಇನ್ನೊಂದು ಸಲ ಹಿಂಗಾದ್ರೆ ಟಿವಿನೂ ಬೇಡ, ನೀವೂ ಬೇಡ ಕಣ್ರೀ” ಎಂದರು ಅಧ್ಯಕ್ಷರು. ಗುಂಡಿ ಒತ್ತಬೇಡಿ ಎಂದು ಅವರಿಗೆ ಹೇಳುವ ಧೈರ್ಯ ಸಂಘದಲ್ಲಿ ಯಾರಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ.

ಮೂರನೇ ವಾರ ಬೆಳಗ್ಗೆಯೇ ಟೂಲನ್ನು ಮುಚ್ಚಿಟ್ಟು, ಸರ್ವರನ್ನು ನೇರವಾಗಿ ಶುರುಮಾಡಿ, ಟಿವಿಯನ್ನು ಮಾತ್ರ ಆರಿಸಿಟ್ಟೆ. ಗೋಡೌನಿನಿಂದ ಕೆಟ್ಟ ಕೀಬೋರ್ಡೊಂದನ್ನು ತಂದು, ಒರೆಸಿ, ಒಂದು ಕೀಗೆ ಹಸಿರು ಬಣ್ಣ ಬಳಿದು ಕುಂಕುಮ ಹಚ್ಚಿದೆ. ಅದರ ವೈರ್ ಮೇಜಿನ ಕೆಳಗೆ ಸುಮ್ಮನೆ ನೇತಾಡುತ್ತಿತ್ತು. “ಗುಂಡಿ ಈಗ ಇಲ್ಲಿಗೆ ಬಂದಿದೆ ಸರ್” ಎಂದು ತೋರಿಸಿದೆ. ಅಧ್ಯಕ್ಷರು ಕಣ್ಣುಮುಚ್ಚಿ ಒತ್ತಿದರು, ನಾನು ಜೇಬಿನೊಳಗಿನಿಂದಲೇ ರಿಮೋಟ್ ಒತ್ತಿದೆ. ಟಿವಿ ಝಗ್ಗೆಂದಿತು. ಜನ ಚಪ್ಪಾಳೆ ತಟ್ಟಿದರು. ಕೆಲಸ ಉಳಿಯಿತಪ್ಪಾ ಎಂದು ನನ್ನ ಕಣ್ಣು ತುಂಬಿತು.

ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈಯಿಟ್ಟರು. “ನೋಡಿದ್ರಾ, ಕೈಗುಣ ಅಂದ್ರೆ ಇದು. ಒಂದೇ ಗುಂಡಿಗೆ ಎಲ್ಲಾ ನಡೀತೈತೆ. ಅಲ್ರೀ, ಹಂಗಾದ್ರೆ ನಿಮ್ಮನ್ನ ಯಾತಕ್ಕೆ ಇಟ್ಕೊಂಡಿದೀವಿ?”