ಪ್ರಿಂಟರಿಗೆ ಹಾಕಿದ ಅಕ್ಷತೆ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನನ್ನ ಹೆಂಡತಿ ಗಿರಿಜಾ ಮದುವೆಯ ಗಡಿಬಿಡಿಯಲ್ಲಿ ಬಿಟ್ಟಿದ್ದ ಬಿ.ಎ.ಯನ್ನು, ಮಗಳು ಹೈಸ್ಕೂಲು ಸೇರಿದ ಮೇಲೆ ಮತ್ತೆ ಹಿಡಿದಿದ್ದಳು. ಉಳಿದದ್ದು ಅರ್ಥಶಾಸ್ತ್ರ ಒಂದೇ. ರೊಟ್ಟಿ ತಟ್ಟುತ್ತಲೇ ಓದಿ ಓದಿ ಅವಳ ಪುಸ್ತಕದ ತುಂಬ ಜೋಳದ ಹಿಟ್ಟು. ಪರೀಕ್ಷೆ ಭಾನುವಾರ ಮಧ್ಯಾಹ್ನ, ಚನ್ನಗಿರಿಯಲ್ಲಿ. ಪ್ರವೇಶಪತ್ರ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಅದನ್ನು ಮನೆಯಲ್ಲೇ ಮುದ್ರಿಸಿ ಕೊಡುತ್ತೇನೆಂದು ನಾನು ಮಾತು ಕೊಟ್ಟೆ. ಕೆರೆಬಿಳಚಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಹೇಗೂ ಇತ್ತು. ಅದಕ್ಕೊಂದು ಪ್ರಿಂಟರ್ ಜೋಡಿಸುವುದು ಎಷ್ಟರ ಕೆಲಸ?

ಅಂಗಡಿಯವನು, "ವೈರ್ ಇರೋದು ಬೇಕಾ, ವೈರ್‌ಲೆಸ್ಸಾ?" ಎಂದ. ನನಗೆ ಕರೆಂಟಿನ ಭಯ ಹುಟ್ಟಿನಿಂದ ಬಂದದ್ದು. ವೈರ್‌ಲೆಸ್ ಎಂದೆ. ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಮನೆಯಲ್ಲಿ ಡಬ್ಬ ಬಿಚ್ಚಿದರೆ ಸುತ್ತಿಕೊಂಡಿದ್ದ ಕಪ್ಪು ವೈರ್ ಹೊರಬಿತ್ತು! ಅಂಗಡಿಗೆ ಫೋನ್ ಮಾಡಿದೆ.

"ಕರೆಂಟಿಗೆ ವೈರ್ ಬೇಕಲ್ಲ ಸರ್. ಕಂಪ್ಯೂಟರಿಗೆ ಮಾತ್ರ ಬೇಡ."

ಅಲ್ಲಿಗೆ ಭಯ ಎರಡಾಯಿತು. ವೈರಿನೊಳಗೆ ಕರೆಂಟು, ಗಾಳಿಯಲ್ಲಿ ಕಾಣದೆ ಬರುವ ಅಪ್ಪಣೆ. ಸ್ವಿಚ್ ಹಾಕಿದ ಕೂಡಲೇ ಅದು ತಾನಾಗಿಯೇ ಗುರುಗುಟ್ಟಿ, ಹೊಟ್ಟೆಯೊಳಗೆ ಏನನ್ನೋ ಆಚೀಚೆ ಎಳೆದಾಡಿತು. ನಾನು ಮಂಚ ಹತ್ತಿದೆ.

"ಅದು ತಯಾರಾಗ್ತೈತೆ ಕಣ್ರೀ. ಇಳೀರಿ," ಎಂದಳು ಗಿರಿಜಾ.

ಇಂಥದ್ದನ್ನು ಪೂಜೆಯಿಲ್ಲದೆ ನಂಬುವುದು ಹೇಗೆ? ಟ್ರ್ಯಾಕ್ಟರ್ ಇರಲಿ, ಮಿಕ್ಸಿ ಇರಲಿ, ಪೂಜೆ ಆಗದೆ ನಮ್ಮ ಕಡೆ ಯಾರೂ ಮೊದಲ ಕೆಲಸ ಕೊಡುವುದಿಲ್ಲ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಪ್ರಿಂಟರಿಗೆ ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗಿದೆ. ಅದಕ್ಕೆ ಚಕ್ರವಿಲ್ಲದ್ದರಿಂದ ನಿಂಬೆಹಣ್ಣನ್ನು ಎದುರಿಗಿಟ್ಟೆ. ಕೊನೆಗೆ ಒಂದು ಹಿಡಿ ಅಕ್ಷತೆ ತೆಗೆದುಕೊಂಡು, ಕಣ್ಣು ಮುಚ್ಚಿ, ಅದರ ನೆತ್ತಿಯ ಮೇಲೆ ಹಾಕಿದೆ.

ಹಾಳೆ ತಿನ್ನುವ ಬಾಯಿ ಅದರ ನೆತ್ತಿಯಲ್ಲೇ ಇತ್ತು. ಕಣ್ಣು ಮುಚ್ಚಿದ್ದರಿಂದ ಇದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಹಾಳೆ ಇಟ್ಟೆ. ಗುಂಡಿ ಒತ್ತಿದೆ. ಮೊದಲು ಕಟಕಟ, ಆಮೇಲೆ ಕರಕರ. ಮೇಜು ಅಲುಗಿತು. ನಿಂಬೆಹಣ್ಣು ಉರುಳಿ ಕೆಳಗೆ ಬಿತ್ತು. ಗೋಡೆಯಾಚೆಯಿಂದ ಪಕ್ಕದ ಮನೆಯ ಹಾಲಪ್ಪ ಕೂಗಿದ:

"ಏನಣ್ಣ, ಗಿರಣಿ ಇಟ್ಯಾ? ಅಕ್ಕಿ ನುರಿಯೋ ಸದ್ದು ಬರ್ತೈತಲ್ಲ!"

ಅಕ್ಕಿಯೇ ಅದು.

ಹಾಳೆ ಅರ್ಧ ಬಂದು ನಿಂತಿತು. ಫೋಟೊದಲ್ಲಿ ಗಿರಿಜಾಳ ಹಣೆ, ಕಣ್ಣು ಹೊರಬಂದಿದ್ದವು. ಬಾಯಿ ಒಳಗೇ ಉಳಿದಿತ್ತು. ಆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಎಳೆದೆ. ಹರಿಯಿತು. ಪ್ಲಗ್ ಕಿತ್ತು, ಪ್ರಿಂಟರನ್ನು ತಲೆಕೆಳಗು ಮಾಡಿ ಕುಲುಕಿದೆ. ಅರಿಶಿನದ ಅಕ್ಕಿ ಒಂದಿಷ್ಟು ಉದುರಿತು. ಶಾಯಿ ಮಾತ್ರ ಪೂರ್ತಿ ಬಂತು, ನನ್ನ ಪಂಚೆಯ ಮೇಲೆ.

ತಿರುಗಿದರೆ ಬಾಗಿಲಲ್ಲಿ ನಿಜವಾದ ಗಿರಿಜಾ. ಕೈಯಲ್ಲಿ ಪೆನ್ನು, ಮುಖ ಬಿಳಿಚಿತ್ತು. ಬೈದಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಬೈಯಲಿಲ್ಲ.

"ಬಸ್ ಹೋಗ್ತೈತೆ. ನಡೀರಿ."

"ಪ್ರವೇಶಪತ್ರ?"

"ಮೊಬೈಲ್‌ನಾಗೆ ಐತೆ. ಚನ್ನಗಿರಿ ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿ ಭಾನುವಾರ ತೆಗೆದಿದ್ರೆ ನನ್ನ ಪುಣ್ಯ."

ಬಸ್ಸು ನಿಂತಲ್ಲೆಲ್ಲ ನನ್ನ ಎದೆಯೂ ನಿಂತಿತು. ದಾರಿಯಲ್ಲಿ ಅವಳು ಬಾಯಿ ಬಿಟ್ಟದ್ದು ಒಮ್ಮೆ ಮಾತ್ರ.

"ಆ ಅಕ್ಷತೆ ನನ್ನ ತಲೆ ಮೇಲೆ ಹಾಕಾಕೆ ಏನಾಗಿತ್ರೀ? ಪರೀಕ್ಷೆ ಬರೆಯೋಳು ನಾನಲ್ವಾ?"



ಜೆರಾಕ್ಸ್ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನುಗ್ಗಿದಳು. ಪ್ರಿಂಟ್ ಹಿಡಿದು ಓಡಿದಳು. ಪರೀಕ್ಷೆಯ ಗೇಟು ಅವಳ ಸೆರಗಿನ ಹಿಂದೆಯೇ ಮುಚ್ಚಿತು. ನಾನು ಪಂಚೆಯ ಶಾಯಿಯನ್ನು ಮಡಿಕೆಯಲ್ಲಿ ಮುಚ್ಚಿಕೊಂಡು, ಅವಳು ಹೊರಬರುವವರೆಗೆ ಬೇವಿನ ಮರದ ಕೆಳಗೆ ನಿಂತಿದ್ದೆ.

ಅವಳು ಪಾಸಾದಳು. ಫಲಿತಾಂಶವನ್ನು ಮೊಬೈಲಿನಲ್ಲಿ ನೋಡಿ, "ಇದನ್ನ ಪ್ರಿಂಟ್ ತೆಗೆಸಿ ಗೋಡೆಗೆ ಹಾಕ್ಬೇಕು, ಬರ್ರಿ," ಎಂದು ಕರೆದಳು. ಪ್ರಿಂಟರ್ ಅಷ್ಟರಲ್ಲಿ ರಿಪೇರಿಯಾಗಿ ಬಂದಿತ್ತು. ನಾನು ಧೈರ್ಯ ತಂದುಕೊಂಡು, ಕಣ್ಣು ತೆರೆದುಕೊಂಡೇ, ಅದರ ಕಡೆಗೆ ಹೆಜ್ಜೆ ಇಟ್ಟೆ.

"ಅತ್ಲಾಗೆ ಎಲ್ಲಿಗೆ? ಚಪ್ಪಲಿ ಮೆಟ್ಕಳ್ರಿ. ಚನ್ನಗಿರಿ ಬಸ್ ಬರೋ ಹೊತ್ತಾತು."