ಹಂಪು ಬಂತು, ಸ್ವಲ್ಪ ಇಳಿ

ಕೆಲವು ಆಸೆಗಳನ್ನು ಪ್ರಾಯದಲ್ಲೇ ತೀರಿಸಿಕೊಂಡುಬಿಡಬೇಕು ಎಂದು ಹೇಳುವವರನ್ನು ಕಂಡರೆ ನನಗೆ ಬಹಳ ಗೌರವ. ಪ್ರಾಯದಲ್ಲೇ ಅವರ ಹತ್ತಿರ ದುಡ್ಡಿತ್ತು ಎಂಬುದು ಆ ಮಾತಿನಿಂದಲೇ ಗೊತ್ತಾಗುತ್ತದೆ. ನನ್ನ ಪ್ರಾಯದಲ್ಲಿ ನನ್ನ ಹತ್ತಿರ ಇದ್ದದ್ದು ಒಂದು ಸೈಕಲ್ಲು, ಅದರ ಕ್ಯಾರಿಯರ್‌ಗೆ ಕಟ್ಟಿದ ಒಂದು ಸರ್ಕಾರಿ ಸರಪಳಿ. ನಾನು ಭೂಮಾಪಕ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಎಂದು ನಾಲ್ಕು ತಾಲ್ಲೂಕಿನ ಹೊಲಗಳನ್ನು ಅಳೆದೂ ಅಳೆದೂ ನಿವೃತ್ತನಾದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಹೆದ್ದಾರಿ ಪಕ್ಕದ ಹೊಲದಲ್ಲಿ ಸರಪಳಿ ಹಿಡಿದು ನಿಂತಿದ್ದಾಗ, ಎರಡೇ ಬಾಗಿಲಿನ ಕಾರೊಂದು ನೆಲಕ್ಕೆ ಮೈ ಒತ್ತಿಕೊಂಡು ಸುಂಯ್ ಎಂದು ಹೋಯಿತು. ನಾನು ಅದು ಹೋದ ದಿಕ್ಕನ್ನೇ ನೋಡುತ್ತಿದ್ದೆ. ಹೊಲದ ಯಜಮಾನ ಹತ್ತಿರ ಬಂದು, "ಎಷ್ಟಾತು ಸಾರ್?" ಎಂದು ಕೇಳಿದ. "ಕೆಂಪು" ಎಂದೆ. ಆ ಹೊಲವನ್ನು ಮತ್ತೆ ಮೊದಲಿನಿಂದ ಅಳೆಯಬೇಕಾಯಿತು.

ಆ ಕೆಂಪು ನನ್ನ ತಲೆಯಲ್ಲಿ ಹಾಗೇ ಉಳಿದಿತ್ತು. ನಿವೃತ್ತಿಯ ನಂತರ ಜನ ತೀರ್ಥಯಾತ್ರೆಗೆ ಹೋಗುತ್ತಾರೆ. ನಾನು ಹಿರಿಯೂರಿಗೆ ಹೋದೆ. ಅಲ್ಲಿ ಹೆದ್ದಾರಿಯ ಬದಿಗೆ ಹಳೆಯ ಗಾಡಿಗಳನ್ನು ಮಾರುವ ಬಾಷಾ ಎಂಬ ಸಜ್ಜನನಿದ್ದಾನೆ. ಬಡವರ ಕೈಗೆಟಕುವ ಸ್ಪೋರ್ಟ್ಸ್ ಕಾರು ಬೇಕು ಎಂದು ನಾನು ಹೇಳಿದಾಗ ಅವನು ನಗಲಿಲ್ಲ. ಅಷ್ಟಕ್ಕೇ ಅವನ ಮೇಲೆ ನನಗೆ ವಿಶ್ವಾಸ ಮೂಡಿತು.

"ಕುಂತ್ಕಳ್ರಿ ಸಾರ್. ಒಂದು ಐತೆ. ಡಾಕ್ಟ್ರು ಓಡಿಸಿದ್ದು."

ಬಾಷಾನ ಅಂಗಳದಲ್ಲಿದ್ದ ಗಾಡಿಗಳನ್ನೆಲ್ಲ ಡಾಕ್ಟರೇ ಓಡಿಸಿದ್ದರು. ಮೂಲೆಯಲ್ಲಿದ್ದ ಟ್ರ್ಯಾಕ್ಟರನ್ನು ಕೂಡ. ಇಷ್ಟು ವೈದ್ಯರು ಇಷ್ಟು ವಾಹನಗಳನ್ನು ಓಡಿಸುತ್ತಿದ್ದರೆ ರೋಗಿಗಳನ್ನು ಯಾರು ನೋಡುತ್ತಾರೆ ಎಂಬ ಪ್ರಶ್ನೆ ಬಂತು. ಆದರೆ ಅಷ್ಟರಲ್ಲಿ ಅವನು ಟಾರ್ಪಾಲು ಸರಿಸಿದ. ಅದೇ ಕೆಂಪು. ಎರಡು ಬಾಗಿಲು, ಎರಡು ಸೀಟು. ಬಣ್ಣ ಅಲ್ಲಲ್ಲಿ ಮಾಸಿತ್ತು, ಎಡಗಡೆಯ ಕನ್ನಡಿಗೆ ಟೇಪು ಸುತ್ತಿದ್ದರು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಕರಾರಿನ ಜಮೀನಿನ ಸುತ್ತ ನಡೆಯುವಂತೆ ಅದರ ಸುತ್ತ ಮೂರು ಸಲ ಗಂಭೀರವಾಗಿ ನಡೆದೆ. ಇಂಜಿನ್ನಿನ ಶಬ್ದ ಕೇಳಿದೆ, ಟೈರು ಒದ್ದೆ, ಕಾಗದಪತ್ರಗಳನ್ನು ಓದಿದೆ. ಒಂದು ಸಾಧಾರಣ ಹೊಸ ಕಾರಿಗೆ ಆಗುವುದಕ್ಕಿಂತ ಬಹಳ ಕಡಿಮೆಗೆ ವ್ಯವಹಾರ ಕುದುರಿತು. ಇಡೀ ಜೀವನ ಅಳತೆಯಲ್ಲೇ ಕಳೆದ ನಾನು ಅಳೆಯದೆ ಬಿಟ್ಟದ್ದು ಒಂದನ್ನೇ: ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ.

ಹಿರಿಯೂರಿನಿಂದ ಚಿತ್ರದುರ್ಗದವರೆಗೆ ಹೆದ್ದಾರಿ ಬೆಣ್ಣೆಯ ಹಾಗಿದೆ. ನಾನು ಹಾಡಿಕೊಂಡು ಬಂದೆ. ನಮ್ಮ ಬೀದಿಗೆ ತಿರುಗಿ ಮೊದಲ ಹಂಪಿನ ಮೇಲೆ ಹತ್ತಿದಾಗ, ಕಬ್ಬಿಣದ ಬಾಣಲೆಯನ್ನು ಬಂಡೆಯ ಮೇಲೆ ಎಳೆದಂಥ ಶಬ್ದವಾಯಿತು. ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದರು. ಹೀಗಾಗಿ ಹೊಸ ಕಾರು ತಂದ ಸುದ್ದಿಯನ್ನು ಪ್ರತ್ಯೇಕವಾಗಿ ತಿಳಿಸುವ ಶ್ರಮ ತಪ್ಪಿತು. ಎದುರುಮನೆಯ ನಿಂಗಪ್ಪ, "ಏನಪ್ಪ ಸರ್ವೇರೆ, ಆಟದ ಕಾರು ತಂದೀಯಂತೆ?" ಎಂದ. ಸ್ಪೋರ್ಟ್ಸ್ ಕಾರಿಗೆ ಅವನು ಮಾಡಿದ ಕನ್ನಡ ಅದು. ತಪ್ಪು ಎನ್ನುವಂತಿಲ್ಲ. ಅಂದಿನಿಂದ ಬೀದಿಯಲ್ಲಿ ಅದಕ್ಕೆ ಅದೇ ಹೆಸರು.

ನನ್ನ ಹೆಂಡತಿ ಶಾರದ ಕಾರನ್ನು ಒಂದು ಸುತ್ತು ಹಾಕಿ, ಕಿಟಕಿಯಲ್ಲಿ ಇಣುಕಿ, "ಹಿಂದಿನ ಸೀಟು ಎಲ್ಲೈತ್ರೀ?" ಎಂದು ಕೇಳಿದಳು.

"ಇಲ್ಲ. ಇದು ಇಬ್ಬರದ್ದೇ ಗಾಡಿ."

ಈ ಮಾತನ್ನು ನಾನು ಪ್ರೀತಿಯಿಂದಲೇ ಹೇಳಿದ್ದೆ. ಅವಳೂ ಹಾಗೇ ತೆಗೆದುಕೊಂಡಳು ಎಂದು ಕಾಣುತ್ತದೆ, ಏಕೆಂದರೆ ಬಾನೆಟ್ಟಿನ ಧೂಳನ್ನು ಸೆರಗಿನಿಂದ ಒರೆಸಿ, "ನಂಗೂ ಒಂದ್ ರೌಂಡ್ ಕೊಡ್ತೀರಾ?" ಎಂದಳು. ಇಲ್ಲಿ ಒಂದು ವಿಷಯ ಹೇಳಬೇಕು. ಶಾರದ ಹಿಂದೆಯೇ ಡ್ರೈವಿಂಗ್ ಶಾಲೆಗೆ ಹೋಗಿ, ಮೊದಲ ಸಲಕ್ಕೇ ಲೈಸೆನ್ಸ್ ಪಡೆದವಳು. ನನಗೆ ಎರಡನೆಯ ಸಲಕ್ಕೆ ಸಿಕ್ಕಿತ್ತು, ಅದು ಬೇರೆ ಮಾತು. ಕೈ ಬದಲಾದರೆ ಕ್ಲಚ್ಚು ಕೆಡುತ್ತದೆ ಎಂಬ ತಾಂತ್ರಿಕ ಕಾರಣವನ್ನು ಕೊಟ್ಟು, ಇದಕ್ಕೂ ಮೊದಲು ನಮ್ಮಲ್ಲಿದ್ದ ಹಳೆಯ ಕಾರಿನಲ್ಲೂ ನಾನು ಅವಳಿಗೆ ಸ್ಟಿಯರಿಂಗ್ ಕೊಟ್ಟಿರಲಿಲ್ಲ. ಈಗಲೂ ಅದೇ ಕಾರಣವನ್ನು ಅದೇ ಗಾಂಭೀರ್ಯದಿಂದ ಕೊಟ್ಟೆ.

ಕೆಲವೇ ದಿನಗಳಲ್ಲಿ ಕಾರಿನ ಸ್ವಭಾವ ತಿಳಿಯಿತು. ಅದರ ಹೊಟ್ಟೆಗೂ ನೆಲಕ್ಕೂ ಇರುವುದು ಹೆಬ್ಬೆರಳೆತ್ತಿದ ಮುಷ್ಟಿಯಷ್ಟು ಜಾಗ. ನಾನೊಬ್ಬನೇ ಇದ್ದರೆ ಸಾಧಾರಣ ಹಂಪನ್ನು ಹೇಗೋ ಸವರಿಕೊಂಡು ದಾಟುತ್ತದೆ. ಇಬ್ಬರು ಕೂತರೆ ಬಾಣಲೆಯ ಶಬ್ದ. ಅಂದರೆ ಹಂಪು ಬಂದಾಗ ಒಬ್ಬರು ಇಳಿಯಬೇಕು. ಓಡಿಸುವವನು ಇಳಿದರೆ ಓಡಿಸುವವರು ಯಾರು? ಹೀಗಾಗಿ, "ಹಂಪು ಬಂತು, ಸ್ವಲ್ಪ ಇಳಿ" ಎಂದು ಅವಳಿಗೆ ಹೇಳುವುದು ನನಗೆ ಅಭ್ಯಾಸವಾಯಿತು. ಆ ಕಾರಿಗೆ ಹತ್ತುವುದೆಂದರೆ ಬಾವಿಗೆ ಇಳಿದಂತೆ, ಇಳಿಯುವುದೆಂದರೆ ಬಾವಿಯಿಂದ ಹತ್ತಿದಂತೆ. ಅವಳು ಇಳಿಯುವಳು, ಕಾರು ದಾಟುವುದು, ಅವಳು ನಡೆದು ಬಂದು ಹತ್ತುವಳು. ಇದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ನಡಿಗೆ ಮಂಡಿಗೆ ಒಳ್ಳೆಯದು.

ಅನಾಹುತವಾದದ್ದು ಭರಮಸಾಗರದಲ್ಲಿ. ನಂಟರ ಮನೆಯ ಸೀಮಂತಕ್ಕೆ ಹೊರಟಿದ್ದೆವು. ಶಾರದ ರೇಷ್ಮೆ ಸೀರೆಯಲ್ಲಿದ್ದಳು. ಊರು ಹತ್ತಿರವಾಗುವಷ್ಟರಲ್ಲಿ ಎರಡು ಸಲ ಇಳಿದು ಹತ್ತಿದ್ದಳು. ಮೂರನೆಯದು ಭಾರಿ ಹಂಪು. ಅವಳು ಇಳಿದಳು, ಕಾರು ಒಂದು ಚೂರೂ ತಾಗದೆ ಹೂವಿನಂತೆ ದಾಟಿತು. ಆ ಸಂತೋಷದಲ್ಲಿ ನಾನು ಗೇರು ಬದಲಿಸಿ ಹಾಗೇ ಮುಂದೆ ಹೋದೆ. "ನೋಡಿದೆಯಾ, ಹೆಂಗೆ ದಾಟಿಸಿದೆ?" ಎಂದು ಪಕ್ಕಕ್ಕೆ ತಿರುಗಿದಾಗ ಸೀಟಿನಲ್ಲಿ ಅರಿಶಿನ ಕುಂಕುಮದ ತಟ್ಟೆ ಮಾತ್ರ ಇತ್ತು. ಒಂದು ಫರ್ಲಾಂಗು ಹಿಂದಕ್ಕೆ ಬಂದೆ. ಟೀ ಅಂಗಡಿಯ ಮುಂದೆ ಶಾರದ ನಿಂತಿದ್ದಳು. ಅಂಗಡಿಯ ಹೆಂಗಸು ಮರುಕದಿಂದ, "ಯಾಕಮ್ಮ, ಜಗಳ ಆಡಿ ಇಳಿಸಿ ಹೋದ್ರಾ?" ಎಂದು ಕೇಳುತ್ತಿದ್ದಳು.

ಅವತ್ತು ಸೀಮಂತದಲ್ಲಿ ಶಾರದ ಎಲ್ಲರೊಂದಿಗೂ ನಗುನಗುತ್ತಾ ಮಾತಾಡಿದಳು. ಮನೆಗೆ ಬಂದ ಮೇಲೆ ಕರಾರು ಹಾಕಿದಳು.

"ಬರೋ ಸೋಮವಾರ ನಮ್ಮವ್ವನ್ನ ನೋಡಾಕೆ ಇದ್ರಾಗೇ ಹೋಗಾಣ. ನಮ್ಮವ್ವನ ಮನೆ ಬಾಗ್ಲು ಮುಟ್ಟೋ ತನಕ ನನ್ನ ಒಂದ್ಸಲನೂ ಇಳಿಸಂಗಿಲ್ಲ. ಇಳಿಸಿದ್ರೆ ಆಟದ ಕಾರು ಹಿರಿಯೂರಿಗೆ ವಾಪಸ್ಸು."

"ಇಳಿಸದೇ ಮುಟ್ಟಿಸಿದ್ರೆ?"

"ಇಟ್ಕಳ್ರಿ. ನಾನು ಸೊಲ್ಲೆತ್ತಲ್ಲ."

ಅವಳ ತವರು ಹೊಸದುರ್ಗದ ಕಡೆ, ಮತ್ತೋಡು ದಾಟಿ ಒಂದು ಹಟ್ಟಿ. ಕುರಿ ಸಾಕುವವರ ಹತ್ತಿಪ್ಪತ್ತು ಮನೆಗಳು. ಬೇರೆಯವರಾಗಿದ್ದರೆ ಈ ಕರಾರಿಗೆ ಹೆದರುತ್ತಿದ್ದರು. ನಾನು ಟೇಪು, ಪುಸ್ತಕ, ಪೆನ್ಸಿಲ್ಲು ತೆಗೆದುಕೊಂಡು, ನಿಂಗಪ್ಪನ ಸ್ಕೂಟರಿನಲ್ಲಿ ಹೊರಟೆ. ಚಿತ್ರದುರ್ಗದಿಂದ ಹೊಳಲ್ಕೆರೆ, ಹೊಳಲ್ಕೆರೆಯಿಂದ ಹೊಸದುರ್ಗ, ಅಲ್ಲಿಂದ ಹಟ್ಟಿಯ ಬಾಯಿಯವರೆಗೆ ಒಟ್ಟು ನಲವತ್ತೊಂದು ಹಂಪುಗಳು. ಪ್ರತಿಯೊಂದರ ಎತ್ತರ, ಅಗಲ, ಇಳಿಜಾರು ಬರೆದುಕೊಂಡೆ. ಒಂದೂರಲ್ಲಿ ಹಂಪಿನ ಮೇಲೆ ಟೇಪು ಹಿಡಿದು ಬಗ್ಗಿದ್ದಾಗ ಜನ ಸೇರಿ, "ಇದನ್ನ ಕಿತ್ತು ಹಾಕ್ತಾರಂತಾ ಸಾರ್? ಬಿಡಾಕಿಲ್ಲ. ಆ ಊರಿಗೆ ಮೂರು ಕೊಟ್ಟಾರೆ, ನಮಗಿರೋದು ಒಂದೇ" ಎಂದು ಸುತ್ತುಗಟ್ಟಿದರು. ಇನ್ನೊಂದು ಕೊಡಿಸಲು ಶಿಫಾರಸು ಮಾಡುತ್ತೇನೆ ಎಂದ ಮೇಲೆ ಮಜ್ಜಿಗೆ ಕೊಟ್ಟು ಕಳಿಸಿದರು.

ಮನೆಗೆ ಬಂದು ಲೆಕ್ಕ ಹಾಕಿದಾಗ ಉತ್ತರ ಸಿಕ್ಕಿತು. ಹಂಪನ್ನು ನೇರವಾಗಿ ಹತ್ತಬಾರದು. ಓರೆಯಾಗಿ, ಮೂಲೆಯಿಂದ ಮೂಲೆಗೆ, ಒಂದೊಂದೇ ಚಕ್ರ ಹತ್ತಿಸಬೇಕು. ಹಾಗೆ ಮಾಡಿದರೆ ನಲವತ್ತೊಂದನ್ನೂ ಇಬ್ಬರು ಕೂತೇ ದಾಟಬಹುದು. ಆ ಹಮ್ಮಿನಲ್ಲಿ ಭಾನುವಾರ ಬೆಳಿಗ್ಗೆ ಹಟ್ಟಿಯಲ್ಲಿರುವ ನನ್ನ ಭಾವಮೈದುನ ತಿಪ್ಪೇಶನಿಗೆ ಫೋನು ಮಾಡಿದೆ. ನಾಳೆ ಬರುತ್ತೇವೆ, ರೇಸಿನ ಕಾರು, ಮುಟ್ಟಿದರೆ ನೂರಾ ಅರವತ್ತರ ಮೇಲೆ ಹೋಗುತ್ತದೆ, ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. "ಹಂಗಾ ಭಾವ!" ಎಂದು ತಿಪ್ಪೇಶ ಬೆರಗಾದ. ಆ ಬೆರಗು ನನಗೆ ಹಿತವಾಗಿತ್ತು.

ಸೋಮವಾರದ ಪ್ರಯಾಣವನ್ನು ನಾನು ವರ್ಣಿಸಲು ಹೊರಟರೆ ಆತ್ಮಸ್ತುತಿಯಾಗುತ್ತದೆ. ಆದ್ದರಿಂದ ಚಿಕ್ಕದಾಗಿ ವರ್ಣಿಸುತ್ತೇನೆ. ಹೊಳಲ್ಕೆರೆಯೊಳಗಿನ ಹಂಪುಗಳನ್ನು ಓರೆಯಾಗಿ ದಾಟುವಾಗ ಹಿಂದೆ ಬಸ್ಸಿನವನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ. ಹೊಸದುರ್ಗದ ಹತ್ತಿರ ಒಬ್ಬ ಪೊಲೀಸಪ್ಪ ನಿಲ್ಲಿಸಿ, ಬೆಳಿಗ್ಗೆಯೇ ಕುಡಿದಿದ್ದೀರಾ ಎಂದು ವಿಚಾರಿಸಿದ. ಒಂದೊಂದು ಹಂಪು ದಾಟಿದಾಗಲೂ ಶಾರದ ಬೆರಳು ಮಡಿಚುತ್ತಿದ್ದಳು. ಮೂವತ್ತು. ಮೂವತ್ತೈದು. ಮತ್ತೋಡಿನಲ್ಲಿ ನಲವತ್ತು. ನಲವತ್ತೊಂದು ದಾಟಿದಾಗ, "ಪರವಾಗಿಲ್ವೇ" ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಬಿರುದು ನನಗೆ ಸಿಕ್ಕಿರಲಿಲ್ಲ. ಹಟ್ಟಿಯ ಬೇವಿನ ಮರ ಕಾಣಿಸಿತು. ಅದರಾಚೆ ಅತ್ತೆಯ ಮನೆ.

ಬೇವಿನ ಮರದ ಕೆಳಗೆ, ರಸ್ತೆಗೆ ಅಡ್ಡಲಾಗಿ, ನನ್ನ ಪುಸ್ತಕದಲ್ಲಿ ಇಲ್ಲದ ನಲವತ್ತೆರಡನೆಯ ಹಂಪು ಮಲಗಿತ್ತು.

ಹಸಿಯಾದ ಕೆಮ್ಮಣ್ಣು. ಒಳಗೆ ಕಲ್ಲು ಜೋಡಿಸಿ, ಮೇಲೆ ಮಣ್ಣು ಬಡಿದು, ನೀರು ಚಿಮುಕಿಸಿ ಗಟ್ಟಿ ಮಾಡಿದ್ದರು. ಓರೆಯಾಗಿ ಹೋಗೋಣವೆಂದರೆ ಈ ಕಡೆ ಮರ, ಆ ಕಡೆ ಕುರಿರೊಪ್ಪದ ಬೇಲಿ. ಪಕ್ಕದಲ್ಲಿ ಹಟ್ಟಿಯ ಹಿರಿಯ ಕರಿಯಪ್ಪಜ್ಜ ಕಂಬಳಿ ಹೊದ್ದು, ಕೋಲೂರಿ ನಿಂತಿದ್ದ. ಸುತ್ತ ಜನ.

"ಬರ್ರಿ ಬರ್ರಿ ಅಳಿಯಂದ್ರೆ," ಎಂದ ಅಜ್ಜ. "ನಿಮ್ ಸಲುವಾಗೇ ಹಾಕೀವಿ."

"ನಮ್ಮ ಸಲುವಾಗಿ?"

"ತಿಪ್ಪೇಶ ಅಂದ, ಭಾವ ರೇಸಿನ ಕಾರ್ ತರ್ತಾನೆ, ನೂರಾ ಅರವತ್ತರಾಗೆ ಬರ್ತೈತೆ ಅಂತ. ಮರಿ ಹಾಕಿರೋ ಕುರಿ ಅದಾವಪ್ಪ. ಅಡ್ಡ ಬಂದ್ರೆ ಏನ್ ಗತಿ? ಅದಕ್ಕೇ ನಿನ್ನೆ ಮಧ್ಯಾಹ್ನ ಎಲ್ಲಾ ಸೇರಿ ಕಟ್ಟಿದ್ವಿ."

ತಿಪ್ಪೇಶ ಹಲ್ಲು ಕಿರಿದ. ನಾನು ಟೇಪು ಹಿಡಿದು ಇಳಿದೆ. ಅಳೆದೆ. ಇಬ್ಬರು ಕೂತರೆ ಸಾಧ್ಯವೇ ಇಲ್ಲ. ನಾನೊಬ್ಬನೇ ಕೂತರೂ ಎರಡು ಬೆರಳಿನಷ್ಟು ತಾಗುತ್ತದೆ. ಒಂಚೂರು ಮಣ್ಣು ಸರಿಸೋಣ ಎಂದರೆ ಅಜ್ಜ ಕೋಲನ್ನು ಅಡ್ಡ ಹಿಡಿದು, "ಇನ್ನೂ ಒಣಗಿಲ್ಲ, ಮುಟ್ಟಬ್ಯಾಡ್ರಿ" ಎಂದ. ಕಾರಿನತ್ತ ತಿರುಗಿದೆ. ನನ್ನ ಮುಖ ನೋಡಿಯೇ ಶಾರದಳಿಗೆ ಅರ್ಥವಾಗಿರಬೇಕು. ಆದರೂ ಕೇಳಿದಳು.

"ಏನಂತೈತೆ ನಿಮ್ ಟೇಪು?"

"ಇನ್ನು ಹಿರಿಯೂರಿಗೇ ಅನ್ನುತ್ತೆ."

"ಒಬ್ರು ಇಳಿದ್ರೆ ಸಾಲಲ್ವಾ?"

"ನೀನು ಇಳಿದರೂ ಸಾಲದು. ನನ್ನೊಬ್ಬನ ಭಾರಕ್ಕೇ ತಾಗುತ್ತೆ."

ಈ ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಶಾರದಳಿಗೂ ಕೇಳಿಸಿತ್ತು.

"ನೀವೀಗ ಇಳಿದಿದೀರಲ್ಲ," ಎಂದಳು ಶಾಂತವಾಗಿ. "ನನ್ನ ಇಳಿಸಂಗಿಲ್ಲ ಅಂತ ಕರಾರು. ನೀವು ಇಳೀಬಾರ್ದು ಅಂತ ಎಲ್ಲೈತೆ? ನಾನು ನಿಮ್ಮರ್ಧ ತೂಕನೂ ಇಲ್ಲ. ಕ್ಲಚ್ ಕೆಟ್ಟೋದ್ರೆ ಹೋಗ್ಲಿ ಬಿಡ್ರಿ."

ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಕೊಂಡು, ಗೇರಿನ ಕೋಲನ್ನು ದಾಟಿ, ಕಾಲು ನೆಲಕ್ಕೆ ತಾಗಿಸದೆ ಪಕ್ಕದ ಸೀಟಿನಿಂದ ನನ್ನ ಸೀಟಿಗೆ ಬಂದಳು. ಕನ್ನಡಿ ಸರಿಮಾಡಿಕೊಂಡಳು. ಹಟ್ಟಿಯ ಹೆಂಗಸರು, "ಶಾರದಕ್ಕ ಓಡಿಸ್ತಾಳೆ ಕಣ್ರೇ!" ಎಂದು ಕೂಗಿದರು. ಕಾರು ಮೆಲ್ಲಗೆ ಮುಂದಿನ ಚಕ್ರ ಏರಿಸಿತು, ಹಂಪಿನ ನೆತ್ತಿಯ ಮೇಲೆ ಒಂದು ಕ್ಷಣ ಯೋಚಿಸಿತು, ಹೊಟ್ಟೆ ತಾಗಿಸದೆ ಆಚೆಗೆ ಇಳಿಯಿತು. ದಾಟಿದ ಮೇಲೆ ಅವಳು ನಿಲ್ಲಿಸಲಿಲ್ಲ. ಸಂತೋಷದಲ್ಲಿ ನನ್ನನ್ನು ಮರೆತು ಒಂದು ಫರ್ಲಾಂಗು ಮುಂದೆ ಹೋದಳು ಎಂದೇ ನಾನು ನಂಬಿದ್ದೇನೆ. ಅತ್ತೆಯ ಮನೆ ಬಾಗಿಲಲ್ಲಿ ಎರಡು ಸಲ ಹಾರ್ನ್ ಕೇಳಿಸಿತು. ನಾನು ಕೈಯಲ್ಲಿ ಟೇಪು ಹಿಡಿದು, ಕರಿಯಪ್ಪಜ್ಜ ಮತ್ತು ನಾಲ್ಕು ಕುರಿಗಳ ಜೊತೆಯಲ್ಲಿ, ಗಂಭೀರವಾಗಿ ನಡೆದುಕೊಂಡು ಹೋದೆ. ಅಜ್ಜ ದಾರಿಯಲ್ಲಿ, "ಯಾಕಪ್ಪ, ಜಗಳ ಆಡಿ ಇಳಿಸಿ ಹೋದ್ಲಾ?" ಎಂದು ಮರುಕದಿಂದ ಕೇಳಿದ.

ಕರಾರಿನ ಪ್ರಕಾರ ಕಾರು ಉಳಿಯಿತು. ಶಾರದ ಕೊಟ್ಟ ಮಾತಿನಂತೆ ಸೊಲ್ಲೆತ್ತಿಲ್ಲ. ಕೀಲಿಯನ್ನು ಮಾತ್ರ ಸಾಸಿವೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಕಡಿಮೆ ದುಡ್ಡಿಗೆ ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂದಿರುವವರು ಈಗಲೂ ನನ್ನನ್ನು ಸಲಹೆ ಕೇಳಲು ಬರುತ್ತಾರೆ. ಧಾರಾಳವಾಗಿ ಕೊಳ್ಳಿ ಎನ್ನುತ್ತೇನೆ. ಇಂಜಿನ್ನು ಕೇಳಿ, ಟೈರು ಒದೆಯಿರಿ, ಡಾಕ್ಟರು ಓಡಿಸಿದ್ದೇ ಎಂದು ವಿಚಾರಿಸಿ. ಅಂಗಡಿಗೆ ಹೋಗುವ ಮೊದಲು ಗಂಡಹೆಂಡತಿ ಇಬ್ಬರೂ ಒಮ್ಮೆ ತೂಕದ ಯಂತ್ರ ಹತ್ತಿ ಬನ್ನಿ. ಮೊನ್ನೆ ಮದಕರಿಪುರದ ಕಡೆ ಹೊರಟಿದ್ದಾಗ ಶಾರದ ಕಾರು ನಿಲ್ಲಿಸಿ, ಮುಂದೆ ನೋಡುತ್ತಲೇ ಹೇಳಿದಳು:

"ಹಂಪು ಬಂತು, ಸ್ವಲ್ಪ ಇಳೀರಿ."

ಇಳಿದೆ. ನಡಿಗೆ ಮಂಡಿಗೆ ಒಳ್ಳೆಯದು.